ನಡುಗಟ್ಟೆಯ ನಾಲ್ಕು ಇಂಚು

ನನ್ನ ಮಗಳು ಮೊದಲ ಸಲ ನಡೆದಾಗ ನಾನು ಗೋಡೆ ನೋಡುತ್ತಿದ್ದೆ. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೆಂದರೆ, ನಾನು "ನನ್ನ ಮಗಳು" ಎಂದು ಶುರುಮಾಡುತ್ತಿದ್ದ ಹಾಗೇ ನಮ್ಮನೆಯವರು ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ಹಿಡಿಯಲಿ. ಪೇಪರ್ ಓದುವವರಿಗೆ ಗೋಡೆಯ ಕಷ್ಟ ಏನು ಗೊತ್ತು?

ಅದು ಎಪ್ಪತ್ತಾರನೇ ಇಸವಿ. ಜಯನಗರದಲ್ಲಿ ಬಾಡಿಗೆಗಿದ್ದೆವು. ಅಡುಗೆಮನೆ ಆರಡಿಗೆ ಐದಡಿ. ಗೋಡೆಗೆ ಅಂಟಿಸಿದ ಒಂದು ಕಲ್ಲು, ಅದರ ಮೇಲೆ ಗ್ಯಾಸ್ ಒಲೆ, ಒಲೆಯ ಎದುರಿಗೆ ತೇವ ಹಿಡಿದು ಸುಣ್ಣ ಉದುರುತ್ತಿದ್ದ ಗೋಡೆ. ನಾನು ಅಲ್ಲಿ ನಿಂತರೆ ಇಡೀ ಮನೆ ನನ್ನ ಬೆನ್ನ ಹಿಂದೆ. ನಮ್ಮತ್ತೆ ಸಿದ್ದಗಂಗಮ್ಮ ಹೊಸ್ತಿಲ ಹತ್ತಿರ ನೆಲದ ಮೇಲೆ ಕೂತು ಜೋಳದ ರೊಟ್ಟಿ ತಟ್ಟಿ ಕೊಡುತ್ತಿದ್ದರು, ನಾನು ಈಸಿಕೊಂಡು ಹಂಚಿಗೆ ಹಾಕುತ್ತಿದ್ದೆ. ಜಗಳೂರಿನ ಕಡೆಯವರು ನಾವು, ರೊಟ್ಟಿ ಇಲ್ಲದೆ ಊಟ ಇಲ್ಲ. ಒಂದು ದಿನ ಅತ್ತೆ, "ಮಂಗಳಾ, ತಿರುಗಿ ನೋಡೇ, ಕೂಸು ನಡೀತೈತೆ" ಎಂದರು. ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಅದನ್ನು ಮಗುಚಿ ತಿರುಗುವಷ್ಟರಲ್ಲಿ ಜಯದೇವಿ ಮೂರು ಹೆಜ್ಜೆ ಹಾಕಿ ಕೂತುಬಿಟ್ಟಿದ್ದಳು. ಮೂರೇ ಹೆಜ್ಜೆ. ನನಗೆ ಸಿಕ್ಕಿದ್ದು ಒಂದು ಸುಟ್ಟ ರೊಟ್ಟಿ.

ಅವತ್ತೇ ತೀರ್ಮಾನ ಮಾಡಿದೆ. ಸ್ವಂತ ಮನೆ ಅಂತ ಕಟ್ಟಿದರೆ, ಅದರಲ್ಲಿ ನಾನು ಗೋಡೆ ನೋಡಿಕೊಂಡು ಅಡುಗೆ ಮಾಡುವುದಿಲ್ಲ. ಮನೆಗೆ ಮುಖ ಕೊಟ್ಟು ನಿಲ್ಲುತ್ತೇನೆ. ಮಿಕ್ಕಿದ್ದು ಏನಾದರೂ ಆಗಲಿ.

ಎಂಬತ್ತೊಂದರಲ್ಲಿ ಜೆ.ಪಿ. ನಗರದಲ್ಲಿ ನಮಗೆ ಸೈಟಾಯಿತು. ಮೂವತ್ತು ನಲವತ್ತು, ಪೂರ್ವದ ಬಾಗಿಲು. ಬಸ್ಸಿಳಿದು ಅರ್ಧ ಗಂಟೆ ನಡೆಯಬೇಕು. ಸುತ್ತ ರಾಗಿ ಹೊಲ, ಅಲ್ಲೊಂದು ಇಲ್ಲೊಂದು ತಾರಸಿ. ನಮ್ಮನೆಯವರ ಹೆಸರು ಗೌರೀಶಂಕರ. ಒಂದು ಫ್ಯಾಕ್ಟರಿಯ ಡ್ರಾಯಿಂಗ್ ಸೆಕ್ಷನ್ನಿನವರು, ಪ್ಲಾನನ್ನು ತಾವೇ ಬರೆದರು. ಪೆನ್ಸಿಲ್ಲಿನಲ್ಲಿ ನೀಟಾಗಿ ಎಲ್ಲ ಗುರುತು ಮಾಡಿದ್ದರು. ಅಡುಗೆಮನೆಯ ಗೋಡೆಗೆ ಒತ್ತಿಕೊಂಡು ಒಂದು ಕಟ್ಟೆ.

"ಇದನ್ನ ತೆಗೀರಿ," ಎಂದೆ.

"ತೆಗೆದು?"

"ನಡುವೆ ಹಾಕಿ. ಸುತ್ತ ಓಡಾಡೋ ಹಾಗಿರ್ಲಿ. ಹಾಲಿಗೂ ಅಡಿಗೆಮನೆಗೂ ಮಧ್ಯದ ಗೋಡೆನೂ ಬೇಡ."

"ಅಂಥದ್ದು ಎಲ್ಲಿ ನೋಡ್ದೆ ನೀನು?"

ನೋಡಿದ್ದೆ. ನಮ್ಮ ಬೀದಿಯ ತಿರುವಿನಲ್ಲಿ ಹೊಂಗೆಮರದ ಕೆಳಗೆ ಇಸ್ತ್ರಿ ಗಾಡಿ ನಿಲ್ಲಿಸಿಕೊಂಡಿದ್ದ ಮಾರಯ್ಯ ಗಾಡಿಯ ಆಚೆ ನಿಂತು, ಬೀದಿಗೆ ಮುಖ ಮಾಡಿ ಇಸ್ತ್ರಿ ಹಾಕುತ್ತಿದ್ದ. ಕೈ ಕೆಲಸದಲ್ಲಿ, ಕಣ್ಣು ಬೀದಿಯಲ್ಲಿ. ಯಾರ ಮನೆಗೆ ನೆಂಟರು ಬಂದರು, ಯಾರ ಹುಡುಗಿ ಪಾಸಾದಳು, ಎಲ್ಲ ಅವನಿಗೆ ಗೊತ್ತು. ಒಂದು ಅಂಗಿಯನ್ನೂ ಸುಟ್ಟವನಲ್ಲ. ಗಂಡಸು ಅಂಗಿ ತೀಡುವುದಕ್ಕೆ ಊರಿಗೆಲ್ಲ ಮುಖ ಕೊಟ್ಟು ನಿಲ್ಲಬಹುದಾದರೆ, ನಾನು ನಿಮಗೆಲ್ಲ ಅನ್ನ ಮಾಡುವುದಕ್ಕೆ ಗೋಡೆಗೆ ಮುಖ ಕೊಟ್ಟು ಯಾಕೆ ಸಾಯಲಿ? ಹೀಗೇ ಕೇಳಿದೆ. ಇಸ್ತ್ರಿ ಗಾಡಿ ನೋಡಿ ಮನೆಯ ಪ್ಲಾನು ಮಾಡಿದವಳು ನೀನೊಬ್ಬಳೇ ಎಂದು ಇವರು ನಕ್ಕರು. ಆದರೆ ರಬ್ಬರ್ ತೆಗೆದುಕೊಂಡು ಗೋಡೆ ಅಳಿಸಿದರು.

ಆಕ್ಷೇಪಣೆ ಬರದೆ ಇರಲಿಲ್ಲ. ಇವರ ಚಿಕ್ಕಪ್ಪ ಸೋಮಲಿಂಗಪ್ಪನವರು ಊರಿನಿಂದ ಬಂದು, ಬಂದುಹೋಗುವವರ ಕಣ್ಣೆಲ್ಲ ಅಡಿಗೆಯ ಮೇಲೆ ಬೀಳುತ್ತೆ, ಉಂಡದ್ದು ಮೈಗೆ ಹತ್ತಲ್ಲ ಎಂದರು. ಒಲೆ ಮುಂದೆ ನಿಂತವಳು ಪೂರ್ವಕ್ಕೆ ಮುಖ ಮಾಡಬೇಕು ಎಂದೂ ಅಂದರು. ಹಾಲ್ ಇರುವುದೇ ಪೂರ್ವಕ್ಕೆ ಚಿಕ್ಕಪ್ಪ, ನಾನು ಹಾಲಿಗೆ ಮುಖ ಮಾಡಿದರೆ ಪೂರ್ವಕ್ಕೆ ಮಾಡಿದ ಹಾಗೇ ಎಂದೆ. ಅವರು ದಿಕ್ಕನ್ನು ಬೆರಳಲ್ಲಿ ಎಣಿಸಿ ನೋಡಿ ಕಾಫಿ ಕುಡಿದು ಹೋದರು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಇವರು ಆಮೇಲೆ ಅಂದರಂತೆ, ನನ್ನೆದುರಿಗಲ್ಲ.

ಅತ್ತೆ ಏನೂ ಹೇಳಲಿಲ್ಲ. ಅವರು ಹಾಗೇ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ರೊಟ್ಟಿ ಹಲಗೆ ಮುಂದೆ ಕೂತರೆ ಅವರ ರಾಜ್ಯ ಅಷ್ಟೇ. ಆ ಹೊತ್ತಿಗೆ ಅವರ ಮಂಡಿ ಹಿಡಿದುಕೊಂಡಿತ್ತು. ನೆಲದ ಮೇಲೆ ಕೂತರೆ ಏಳಿಸುವುದಕ್ಕೆ ನಾನು ರಟ್ಟೆಗೆ ಕೈ ಕೊಡಬೇಕು. ನಿಂತರೆ ಐದು ನಿಮಿಷಕ್ಕೆ ಕಾಲು ನಡುಗುತ್ತಿತ್ತು. ಇದೆಲ್ಲ ನನಗೆ ಗೊತ್ತಿತ್ತು, ದಿನಾ ಎಬ್ಬಿಸುತ್ತಿದ್ದವಳೇ ನಾನು. ಆದರೂ ಪ್ಲಾನಿನಲ್ಲಿ ಅತ್ತೆ ಎಲ್ಲಿ ಕೂರುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ.

ಮನೆ ಕಟ್ಟಿದ ಮೇಸ್ತ್ರಿ ಕೋಣನಕುಂಟೆಯ ಪಿಳ್ಳಣ್ಣ. ಒಳ್ಳೆಯ ಕೆಲಸಗಾರ, ಆದರೆ ತಪ್ಪು ಒಪ್ಪಿಕೊಳ್ಳುವುದು ಅವನ ಜಾತಕದಲ್ಲೇ ಇಲ್ಲ. ಗೋಡೆ ಸೊಟ್ಟಗಿದ್ದರೆ ಸೂರ್ಯನ ನೆರಳು ಹಾಗೆ ಬಿದ್ದಿದೆ ಎನ್ನುವವನು. ಪ್ಲಾನ್ ನೋಡಿ ತಲೆ ಕೆರೆದುಕೊಂಡ.

"ಇದ್ಕೆ ಏನಂತಾರೆ ಅಕ್ಕಾ?"

"ಏನಾದ್ರೂ ಅನ್ನಪ್ಪ. ನಡುವೆ ಇರೋ ಕಟ್ಟೆ."

"ನಡುಗಟ್ಟೆ ಅನ್ನಾನ ಬಿಡಿ," ಎಂದ. ಆ ಹೆಸರೇ ನಿಂತಿತು.

ಕಲ್ಲು ಆರಿಸುವುದು ದೊಡ್ಡ ಪಡಿಪಾಟಲು. ಇವರು ಮೊಸಾಯಿಕ್ ಎಂದರು, ಪಿಳ್ಳಣ್ಣ ರೆಡ್ ಆಕ್ಸೈಡ್ ಬಳಿದು ಉಜ್ಜಿಕೊಡುತ್ತೇನೆ ಎಂದ. ಆ ಕಟ್ಟೆಯ ಮೇಲೆ ದಿನಾ ರೊಟ್ಟಿ ತಟ್ಟಬೇಕಾದವರನ್ನು ಕೇಳದೆ ಕಲ್ಲು ತರುವುದೆಂದರೇನು? ಇಷ್ಟು ಬುದ್ಧಿ ನನಗಿತ್ತು, ಅದಕ್ಕೆ ಆಮೇಲೆ ಎಷ್ಟೋ ಹೆಮ್ಮೆಪಟ್ಟಿದ್ದೇನೆ. ಡಬ್ಬಿಯಲ್ಲಿ ಬಿಸಿನೀರಿಗೆ ಕಲಸಿದ ಜೋಳದ ಹಿಟ್ಟು, ಇನ್ನೊಂದರಲ್ಲಿ ಒಣ ಹಿಟ್ಟು ತುಂಬಿಕೊಂಡು, ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ಬನ್ನೇರುಘಟ್ಟ ರಸ್ತೆಯ ಕಲ್ಲಿನ ಅಂಗಡಿಗೆ ಹೋದೆ.

ಅಂಗಡಿಯವನು ನಮ್ಮನ್ನು ನೋಡಿದ ನೋಟ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಚಪ್ಪಡಿಗಳನ್ನು ದಿಮ್ಮಿಗಳ ಮೇಲೆ ಅಡ್ಡಡ್ಡ ಮಲಗಿಸಿದ್ದರು. ಅತ್ತೆ ಒಂದು ದಿಮ್ಮಿಯ ಮೇಲೆ ಕೂತರು, ಸೆರಗು ಸಿಕ್ಕಿಸಿದರು, ಎದುರಿಗಿದ್ದ ಚಪ್ಪಡಿಯನ್ನು ಒರೆಸಿ, ಹಿಟ್ಟು ಉದುರಿಸಿ ತಟ್ಟಿಯೇಬಿಟ್ಟರು. ಲಾರಿಯಿಂದ ಕಲ್ಲಿಳಿಸುತ್ತಿದ್ದ ಆಳುಗಳೆಲ್ಲ ಕೆಲಸ ಬಿಟ್ಟು ನಿಂತರು. ಗ್ರಾನೈಟ್ ಮೇಲೆ ರೊಟ್ಟಿ ಜಾರಿತು. "ಇದು ಬ್ಯಾಡ. ಇದಕ್ಕೆ ಹಿಡಿತ ಇಲ್ಲ," ಎಂದರು. ಮೊಸಾಯಿಕ್ ಮೇಲೆ ಅಂಟಿಕೊಂಡಿತು. ಕೊನೆಗೆ ಕರಿಯ ಕಡಪ ಕಲ್ಲಿನ ಮೇಲೆ ರೊಟ್ಟಿ ತಿರುತಿರುಗುತ್ತಾ ಅಗಲವಾಯಿತು, ಎತ್ತಿದರೆ ಎದ್ದು ಬಂತು.

"ಇದು ನಮ್ಮೂರಿನ ಕಲ್ಲಿದ್ದಂಗೈತೆ," ಎಂದರು ಅತ್ತೆ. ಕೂತಲ್ಲಿಂದ ಏಳಲಿಲ್ಲ. ಅಂಗೈಯಿಂದ ಕಲ್ಲನ್ನು ಸವರುತ್ತಾ, "ಹಿಂಗೇ ಕುಂತು ತಟ್ಟಂಗಿದ್ರೆ ಎಷ್ಟು ಚಂದ ಇರ್ತಿತ್ತವ್ವ," ಎಂದರು.

ನಾನು ಅತ್ತ ತಿರುಗಿ ಹಿಟ್ಟಿನ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದೆ. "ಅತ್ತೆ, ಇನ್ಮೇಲೆ ಕೂರೋದು ಗೀರೋದು ಇಲ್ಲ. ಎಲ್ಲಾ ನಿಂತ್ಕೊಂಡೇ," ಎಂದು ನಕ್ಕೆ. ಆರಡಿ ಉದ್ದ ಮೂರಡಿ ಅಗಲದ ಒಂದೇ ಚಪ್ಪಡಿಗೆ ಅಡ್ವಾನ್ಸ್ ಕೊಟ್ಟು ಬಂದೆವು.

ಇನ್ನು ಎತ್ತರ. ಇಲ್ಲೇ ನನ್ನ ಕೋಪ ನನ್ನನ್ನು ತಿಂದದ್ದು.

ಸಿಮೆಂಟಿಗೆ ಪರ್ಮಿಟ್ ಇದ್ದ ಕಾಲ ಅದು. ಸಿಮೆಂಟ್ ಬಂದರೆ ಪಿಳ್ಳಣ್ಣ ಇರುತ್ತಿರಲಿಲ್ಲ, ಪಿಳ್ಳಣ್ಣ ಬಂದರೆ ಸಿಮೆಂಟ್ ಇರುತ್ತಿರಲಿಲ್ಲ. ಮೂರು ದಿನ ನಾಪತ್ತೆಯಾಗಿದ್ದು ನಾಲ್ಕನೇ ದಿನ ಬಂದಿದ್ದ. ನಾನು ಬಿಸಿಲಲ್ಲಿ ನಡೆದು ಬಂದವಳು ಮೊದಲೇ ಕುದಿಯುತ್ತಿದ್ದೆ. ಅಡುಗೆಮನೆಯಲ್ಲಿ ನಿಂತು, ಸೊಂಟದ ಮಟ್ಟಕ್ಕೆ ಕೈಯಿಟ್ಟು, ಇದ್ದಿಲಿನಿಂದ ಗೋಡೆಯ ಮೇಲೆ ಗೆರೆ ಎಳೆದೆ. "ಇಷ್ಟು. ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಮ್ಮಿ ಇಲ್ಲ."

"ಅಕ್ಕಾ, ಇನ್ನಾ ನೆಲ..." ಎಂದ ಪಿಳ್ಳಣ್ಣ.

"ನೆಲದ ವಿಷಯ ನೆಲ ಹಾಕೋವಾಗ ಮಾತಾಡೋಣ. ನಾನು ನಿಂತಿದ್ದೀನಿ, ನನ್ನ ಸೊಂಟ ಇಲ್ಲೈತೆ. ಮೂರು ದಿನ ಎಲ್ಲಿ ಹೋಗಿದ್ರಿ, ಅದನ್ನ ಮೊದಲು ಹೇಳಿ."

ಅವನು ಕರಣೆ ಎತ್ತಿಕೊಂಡ. ಗೆರೆ ಎಷ್ಟಿತ್ತೋ ಅಷ್ಟಕ್ಕೇ ಇಟ್ಟಿಗೆ ಎದ್ದಿತು, ಚಪ್ಪಡಿ ಕೂತಿತು. ನಾನು ಹೋಗಿ ಅದರ ಹಿಂದೆ ನಿಂತು ಹಾಲಿನ ಕಡೆ ನೋಡಿದೆ. ಹಾಲಿನಲ್ಲಿ ಮರಳು ಗುಡ್ಡೆ ಬಿಟ್ಟರೆ ಏನೂ ಇರಲಿಲ್ಲ. ಆದರೂ ಸುಮಾರು ಹೊತ್ತು ಅಲ್ಲೇ ನಿಂತಿದ್ದೆ.

ಮನೆ ಕಟ್ಟಿದವರಿಗೆಲ್ಲ ಗೊತ್ತಿರುವ ವಿಷಯ ಇದು: ನಾನು ನಿಂತು ಅಳತೆ ಕೊಟ್ಟದ್ದು ಒರಟು ಕಾಂಕ್ರೀಟಿನ ಮೇಲೆ. ಅದರ ಮೇಲೆ ಗಾರೆ, ಗಾರೆಯ ಮೇಲೆ ಮೊಸಾಯಿಕ್ ಬರುತ್ತದೆ. ಬಂತು. ನೆಲ ನಾಲ್ಕು ಇಂಚು ಮೇಲೆದ್ದಿತು. ನಾನೂ ನೆಲದ ಜೊತೆ ನಾಲ್ಕು ಇಂಚು ಮೇಲೆದ್ದೆ. ಕಟ್ಟೆ ಮಾತ್ರ ಇದ್ದಲ್ಲೇ ಇತ್ತು.

ಪಾಲಿಶ್ ಮುಗಿದ ದಿನ ಹೋಗಿ ನಿಂತರೆ ಕಟ್ಟೆ ನನ್ನ ತೊಡೆಗೆ ಬಂತು. ಈರುಳ್ಳಿ ಹೆಚ್ಚುವವಳಂತೆ ಬಗ್ಗಿ ನೋಡಿದೆ. ತಲೆ ಕೆಳಗೆ ಹೋಯಿತು. ಆರು ವರ್ಷ ಕನಸು ಕಂಡು, ಎಲ್ಲರ ಹತ್ತಿರ ಜಗಳ ಆಡಿ ಮಾಡಿಸಿಕೊಂಡದ್ದು ಇದು. ಈಗ ಗೋಡೆಯ ಬದಲು ಕಲ್ಲು ನೋಡಿಕೊಂಡು ಅಡುಗೆ ಮಾಡಬೇಕು. ತಪ್ಪು ನನ್ನದೇ ಎಂದು ಒಳಗೆ ಗೊತ್ತಿತ್ತು. ಅದಕ್ಕೇ ಪಿಳ್ಳಣ್ಣನ ಮೇಲೆ ಇನ್ನಷ್ಟು ಜೋರಾಗಿ ಹರಿಹಾಯ್ದೆ. ಮೂವತ್ತು ವರ್ಷದ ಕೆಲಸಗಾರ, ನೆಲ ಏರುತ್ತೆ ಅಂತ ಇನ್ನೊಂದು ಸಲ ಹೇಳೋಕೆ ನಿಮ್ಮ ಬಾಯಿಗೇನಾಗಿತ್ತು? ಅವತ್ತು ಅತ್ತೆಯೂ ಬಂದಿದ್ದರು, ಬಾಗಿಲ ಹತ್ತಿರ ನಿಂತಿದ್ದರು. ಪಿಳ್ಳಣ್ಣ ಬಾಯಿ ತೆರೆದ, ಅತ್ತ ಒಂದು ಸಲ ನೋಡಿದ, ತಲೆ ತಗ್ಗಿಸಿದ.

"ನಂದೇ ತಪ್ಪು ಅಕ್ಕಾ," ಎಂದ.

ನನಗೆ ಆಶ್ಚರ್ಯವಾಯಿತು. ಸೊಟ್ಟ ಗೋಡೆಗೆ ಸೂರ್ಯನನ್ನು ಬೈದವನು ಇಷ್ಟು ಸುಲಭವಾಗಿ ಸೋತನಲ್ಲ ಎಂದು. ಅತ್ತೆ, "ಮಿಂಚಿ ಹೋದ ಕೆಲ್ಸಕ್ಕೆ ಯಾಕವ್ವ ಚಿಂತೆ, ಬಿಡು," ಎಂದರು. ನಾನು ಬಿಡುವವಳೇ? ಕಲ್ಲು ಎಬ್ಬಿಸಿ ಇನ್ನೊಂದು ವರಸೆ ಇಟ್ಟಿಗೆ ಸೇರಿಸಲೇಬೇಕು ಎಂದೆ. ಒಂದೇ ಚಪ್ಪಡಿ, ಎಬ್ಬಿಸುವಾಗ ಸೀಳಿದರೂ ಸೀಳಿತು ಎಂದು ಪಿಳ್ಳಣ್ಣ ಹೇಳಿದ. ಸೀಳಲಿ ಎಂದೆ. ಗೃಹಪ್ರವೇಶ ಆಗಲಿ, ತಿಂಗಳು ಬಿಟ್ಟು ನಾಲ್ಕು ಆಳು ಕರಕೊಂಡು ಬರ್ತೀನಿ ಎಂದು ಹೋದ.

ಗೃಹಪ್ರವೇಶದಲ್ಲಿ ಹಾಲು ಉಕ್ಕಿಸಿದ್ದು ಅದೇ ಕಟ್ಟೆಯ ಮೇಲೆ. ಬಂದವರಲ್ಲಿ ಒಬ್ಬರು, "ಇದೇನ್ರೀ, ಆಪರೇಷನ್ ಟೇಬಲ್ ಇದ್ದಂಗಿದೆ," ಎಂದರು. ಹೌದು, ಮೊದಲ ಆಪರೇಷನ್ ನಿಮಗೇ ಎಂದು ಬಾಯಿಗೆ ಬಂದಿತ್ತು, ಶುಭದಿನ ಎಂದು ಹೋಳಿಗೆ ಬಡಿಸಿದೆ.

ಮೂರನೇ ದಿನವೋ ನಾಲ್ಕನೇ ದಿನವೋ ಇರಬೇಕು. ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಡುಗೆಮನೆಯಿಂದ ರೊಟ್ಟಿ ತಟ್ಟುವ ಸದ್ದು ಕೇಳಿಸಿತು. ಅತ್ತೆ ಬಚ್ಚಲಿನಲ್ಲಿಡಲು ತಂದಿದ್ದ ಮರದ ಸ್ಟೂಲನ್ನು ನಡುಗಟ್ಟೆಯ ತುದಿಗೆ ಎಳೆದುಕೊಂಡು ಕೂತಿದ್ದರು. ಕಲ್ಲು ಸರಿಯಾಗಿ ಅವರ ಮೊಣಕೈ ಮಟ್ಟಕ್ಕಿತ್ತು. ಎದುರಿಗೆ ಜಯದೇವಿ ಕುರ್ಚಿ ಹತ್ತಿ ಮಂಡಿಯೂರಿ, ಹಿಟ್ಟಿನಲ್ಲಿ ಏನೋ ಬರೆಯುತ್ತಿದ್ದಳು. ಅತ್ತೆ ಅವಳಿಗೆ ಯಾವುದೋ ಕತೆ ಹೇಳುತ್ತಿದ್ದರು. ನಾನು ಬಂದದ್ದನ್ನು ನೋಡಿ, "ಹಂಚಿಡು ಬಾ, ಐದು ರೊಟ್ಟಿ ಆಗ್ಯಾವೆ," ಎಂದರು.

ಕಟ್ಟೆಯ ಇನ್ನೊಂದು ತುದಿಗಿದ್ದ ಒಲೆಯ ಹತ್ತಿರ ನಿಂತೆ. ಆಗ ಗೊತ್ತಾಯಿತು, ಕಟ್ಟೆ ತಗ್ಗಾಗಿದ್ದರಿಂದ ಒಲೆಯ ಮೇಲಿನ ಹಂಚು ನನ್ನ ಕೈಗೆ ಹದವಾಗಿಯೇ ಸಿಗುತ್ತಿತ್ತು. ತರಕಾರಿ ಹೆಚ್ಚುವುದಕ್ಕೆ ಮಾತ್ರ ಬಗ್ಗಬೇಕು. ಅತ್ತೆ ರೊಟ್ಟಿ ಚಾಚಿದರು, ನಾನು ಈಸಿಕೊಂಡೆ. ಒಂಬತ್ತು ವರ್ಷದಿಂದ ಅವರು ತಟ್ಟುತ್ತಿದ್ದರು, ನಾನು ಬೇಯಿಸುತ್ತಿದ್ದೆ. ತಟ್ಟುವಾಗ ಅವರ ಮುಖ ಹೇಗಿರುತ್ತದೆಂದು ನಾನು ನೋಡಿರಲೇ ಇಲ್ಲ. ತುಟಿ ಒಂದು ಬದಿಗೆ ಒತ್ತಿ ಹಿಡಿಯುತ್ತಿದ್ದರು, ರೊಟ್ಟಿ ಅಗಲವಾದ ಹಾಗೆ ಹುಬ್ಬು ಮೇಲೇರುತ್ತಿತ್ತು. ನನಗೆ ನಗು ಬಂತು.

"ಏನೇ ನಗ್ತೀಯ?"

"ಏನಿಲ್ಲ ಅತ್ತೆ."

"ನಾನು ಲಗ್ನಾಗಿ ಬಂದು ಊರಾಗಿದ್ದಷ್ಟು ದಿನಾನೂ ಗ್ವಾಡೆ ನೋಡ್ಕಂಡೇ ರೊಟ್ಟಿ ತಟ್ಟೀನಿ ಕಣವ್ವ," ಎಂದರು. "ಮೂವತ್ತು ವರ್ಷ. ಹಿಂದೆ ನಿಂತು ಯಾರ್ ಮಾತಾಡಿದ್ರೂ ದನಿ ಮ್ಯಾಲೆ ಗುರ್ತು ಹಿಡೀಬೇಕು. ಈ ಕಟ್ಟೆ ಚಲೋ ಆತು."

ನಾನು ಗೋಡೆಯ ಕಷ್ಟವನ್ನು ಊರಿಗೆಲ್ಲ ಸಾರಿದ್ದೆ. ಅದು ಅವರದ್ದೂ ಆಗಿತ್ತೆಂದು ಅವತ್ತಿನವರೆಗೆ ನನಗೆ ಗೊತ್ತಿರಲಿಲ್ಲ.

ತಿಂಗಳು ಕಳೆದ ಮೇಲೆ ಪಿಳ್ಳಣ್ಣ ಹಾರೆ, ಹಗ್ಗ, ನಾಲ್ಕು ಆಳು ಸಮೇತ ಬಂದ. ಅತ್ತೆ ಸ್ಟೂಲಿನ ಮೇಲಿದ್ದರು. ಆಳುಗಳನ್ನು ನೋಡಿ ಕೈ ನಿಲ್ಲಿಸಿದರು, ಆದರೆ ನನ್ನನ್ನು ಏನೂ ಕೇಳಲಿಲ್ಲ. ಹಿಟ್ಟಿನ ಪಾತ್ರೆಯನ್ನು ಮಡಿಲಿಗೆ ಎತ್ತಿಕೊಂಡು, ಸ್ಟೂಲು ಹಿಡಿದು ಏಳಲು ಹೊರಟರು.

"ಕೂತ್ಕೊಳ್ಳಿ ಅತ್ತೆ," ಎಂದೆ. ಪಿಳ್ಳಣ್ಣನಿಗೆ, "ಕಲ್ಲು ಸೀಳಿದ್ರೆ ಇಂಥದ್ದು ಇನ್ನೊಂದು ಸಿಗಲ್ಲ. ಹೀಗೇ ಇರ್ಲಿ ಬಿಡಿ," ಎಂದೆ. ನಾನೇ ಏನೋ ದೊಡ್ಡ ತ್ಯಾಗ ಮಾಡಿದ ಹಾಗೆ ಹೇಳಿದೆ. ಅವನು ಆಳುಗಳಿಗೆ ಮಜ್ಜಿಗೆ ಕುಡಿಸಿಕೊಂಡು ಹೋದ.

ಆಮೇಲಿನ ಆರು ವರ್ಷ ಆ ಕಟ್ಟೆಯೇ ನಮ್ಮ ಮನೆ. ಜಯದೇವಿ ಮಗ್ಗಿ ಕಲಿತದ್ದು ಅಲ್ಲಿ. ಇವರು ಪ್ರಮೋಷನ್ ಪತ್ರ ತಂದು ಇಟ್ಟದ್ದು ಅಲ್ಲಿ, ಅದಕ್ಕೆ ಎಣ್ಣೆ ಹತ್ತಿ ಆಫೀಸಿನಲ್ಲಿ ನಗೆಪಾಟಲಾದರು. ಬೆಳಿಗ್ಗೆ ಪೂರ್ವದ ಬಿಸಿಲು ಹಾಲ್ ದಾಟಿ ಬಂದು ಆ ಕರಿಕಲ್ಲಿನ ಮೇಲೆ ಬೀಳುತ್ತಿತ್ತು, ಉದುರಿದ ಹಿಟ್ಟೆಲ್ಲ ಕಾಣುತ್ತಿತ್ತು. ಅತ್ತೆಯೂ ನಾನೂ ಎದುರುಬದುರು ಕೂತು ಅವರೆಕಾಯಿ ಸುಲಿಯುತ್ತಾ, ಸೋಮಲಿಂಗಪ್ಪ ಚಿಕ್ಕಪ್ಪನ ಜಿಪುಣತನ ಆಡಿಕೊಂಡು ನಗುತ್ತಿದ್ದೆವು. ಅತ್ತೆ ಸೊಸೆ ಹಾಗೆ ನಗುವುದನ್ನು ನೋಡಿ ಪಕ್ಕದ ಮನೆಯವರು ಏನು ಔಷಧಿ ಹಾಕಿದ್ದೀರಿ ಎಂದು ಕೇಳಿದ್ದುಂಟು. ಅಂಥ ದಿನಗಳು ಮತ್ತೆ ಬರಲಿಲ್ಲ. ಆಗ ಅದು ಗೊತ್ತಾಗುವುದೂ ಇಲ್ಲ.

ಎಂಬತ್ತೆಂಟರ ಶ್ರಾವಣದಲ್ಲಿ ಅತ್ತೆ ಲಿಂಗೈಕ್ಯರಾದರು. ಹಿಂದಿನ ದಿನ ಬೆಳಿಗ್ಗೆಯೂ ಎಂಟು ರೊಟ್ಟಿ ತಟ್ಟಿದ್ದರು.

ವರ್ಷದ ಕಾರ್ಯಕ್ಕೆ ಮುಂಚೆ ಸುಣ್ಣ ಬಳಿಸಬೇಕೆಂದು ಪಿಳ್ಳಣ್ಣನನ್ನು ಕರೆಸಿದೆ. ಅವನ ತಲೆಯೂ ನರೆತಿತ್ತು. ಗೋಡೆಗಳನ್ನೆಲ್ಲ ನೋಡಿ, ಕೊನೆಗೆ ನಡುಗಟ್ಟೆಯ ಹತ್ತಿರ ಬಂದು ನಿಂತ. ಸ್ಟೂಲು ಇದ್ದಲ್ಲೇ ಇತ್ತು.

"ಈಗ ಎತ್ತರ ಮಾಡ್ಬಿಡನಾ ಅಕ್ಕಾ?" ಎಂದ. "ಈಗ ಕಲ್ಲು ಎತ್ತಕ್ಕೆ ಒಳ್ಳೊಳ್ಳೆ ಸಾಮಾನು ಬಂದವೆ. ಸೀಳಲ್ಲ. ನಿಮ್ಗೂ ಬಗ್ಗಿ ಬಗ್ಗಿ ಬೆನ್ನು ನೋವಲ್ವಾ?"

"ನಿಮ್ಮಿಂದಾನೇ ಅಲ್ವಾ ಆ ಬೆನ್ನುನೋವು," ಎಂದು ತಮಾಷೆ ಮಾಡಿದೆ.

ಅವನು ನಗಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಅವ್ರು ಹೋದ್ರು, ಇನ್ನ್ ಹೇಳ್ಬೋದು ಅಕ್ಕಾ. ನೀವು ಗೆರೆ ಎಳೆದ್ರಲ್ಲ, ಅದ್ರ ಮಾರನೇ ದಿನ ನಾನು ಜಯನಗರದ ಮನೆಗೆ ಬಂದಿದ್ದೆ. ನೆಲ ನಾಲ್ಕಿಂಚು ಏರ್ತದೆ, ಕಟ್ಟೆನೂ ನಾಲ್ಕಿಂಚು ಏರಿಸ್ಬೇಕು, ಅದ್ನ ಹೇಳನಾ ಅಂತ. ನೀವು ಮಾರ್ಕೆಟ್ಟಿಗೆ ಹೋಗಿದ್ರಿ. ದೊಡ್ಡಮ್ಮಾರು ಒಬ್ರೇ ಇದ್ರು."

"ಅವರಿಗೆ ಹೇಳಿದ್ರಾ?"

"ಹೇಳ್ದೆ. ಹಂಗಾದ್ರೆ ನಾಲ್ಕಿಂಚು ತಗ್ಗೇ ಬರ್ತೈತಾ ಅಂತ ಎರಡು ಸಲ ಕೇಳಿದ್ರು. ಹೌದು ಅಂದೆ. ಆಮೇಲೆ, ಅವ್ಳು ಗೆರೆ ಎಳೆದಷ್ಟಕ್ಕೇ ಕಟ್ಟಪ್ಪ, ಅವ್ಳಿಗೆ ನಾನು ಹೇಳ್ತೀನಿ ಅಂದ್ರು. ಎರಡು ರೊಟ್ಟಿ, ಶೇಂಗಾ ಚಟ್ನಿಪುಡಿ ಕೊಟ್ರು. ಹೇಳವ್ರೆ ಅಂದ್ಕೊಂಡೇ ನಾನು ಕಟ್ಟಿದ್ದು. ಪಾಲಿಶ್ ದಿನ ನೀವು ಬೈದಾಗ ಗೊತ್ತಾಯ್ತು, ಹೇಳಿಲ್ಲ ಅಂತ. ಬಾಗ್ಲಲ್ಲಿ ನಿಂತಿದ್ರು. ಆ ವಯಸ್ಸಿನವ್ರು ನನ್ನ ಮುಖ ನೋಡಿದ್ರು, ನಾನೇನು ಮಾಡ್ಲಿ?"

ಇಷ್ಟು ವರ್ಷ ನನ್ನ ಕೋಪದಿಂದ ಆದ ತಪ್ಪು ಎಂದುಕೊಂಡಿದ್ದೆ. ಅದನ್ನು ಅತ್ತೆಗೆ ಬಿಟ್ಟುಕೊಟ್ಟ ದೊಡ್ಡ ಮನಸ್ಸಿನವಳು ಎಂದೂ ಅಂದುಕೊಂಡಿದ್ದೆ. ನನ್ನ ಮನೆಯಲ್ಲಿ ಕೂರುವುದಕ್ಕೆ ಒಂದು ಜಾಗ ಬೇಕಾದರೆ ಆ ಮುದುಕಿ ಕಳ್ಳತನದಲ್ಲಿ ನಾಲ್ಕು ಇಂಚು ತೆಗೆದುಕೊಳ್ಳಬೇಕಾಯಿತು. ಬಾಯಿಬಿಟ್ಟು ಕೇಳಿದ್ದರೆ ಕೊಡುತ್ತಿರಲಿಲ್ಲವೇ ಎಂದು ನನ್ನನ್ನೇ ಕೇಳಿಕೊಂಡೆ. ಕೊಡುತ್ತಿದ್ದೆ, ಖಂಡಿತ ಕೊಡುತ್ತಿದ್ದೆ ಎಂದು ಸಮಾಧಾನ ಮಾಡಿಕೊಳ್ಳಲು ಹೊರಟೆ.

"ಎತ್ತರ ಮಾಡೋದು ಬೇಡ ಪಿಳ್ಳಣ್ಣ," ಎಂದೆ. "ಕೂತ್ಕೊಳ್ಳಿ, ಎರಡು ರೊಟ್ಟಿ ತಟ್ಟಿಕೊಡ್ತೀನಿ."

ಅವನು ಕುರ್ಚಿ ಎಳೆದುಕೊಂಡ. ನಾನು ಸ್ಟೂಲಿನ ಮೇಲೆ ಕೂತು ಹಿಟ್ಟು ಉದುರಿಸಿದೆ. ಅಂಗೈ ತಣ್ಣನೆಯ ಕಲ್ಲಿಗೆ ತಾಗಿದ ಕೂಡಲೇ ಬನ್ನೇರುಘಟ್ಟ ರಸ್ತೆಯ ಆ ಅಂಗಡಿ ನೆನಪಾಯಿತು. ದಿಮ್ಮಿಯ ಮೇಲೆ ಕೂತ ಅತ್ತೆ, ಕಲ್ಲು ಸವರುತ್ತಿದ್ದ ಅವರ ಕೈ. ಹಿಂಗೇ ಕುಂತು ತಟ್ಟಂಗಿದ್ರೆ ಎಷ್ಟು ಚಂದ ಇರ್ತಿತ್ತವ್ವ. ಅವರು ಬಾಯಿಬಿಟ್ಟೇ ಕೇಳಿದ್ದರು. ನಾನು ಅವರಿಗೆ ಬೆನ್ನು ಹಾಕಿ ನಿಂತು, ಹಿಟ್ಟಿನ ಡಬ್ಬಿ ಮುಚ್ಚುತ್ತಿದ್ದೆ.